ಡ್ಯಾನ್ಯೂಬ್ ದಂಡೆಯ ಬೇಸ್‌ಬಾಲ್



ಕ್ರೀಡಾಂಗಣಗಳಿಗೆ ಸಾಮಾನ್ಯವಾಗಿ ಮಂತ್ರಿಗಳ ಹೆಸರಿರುತ್ತದೆ, ಇಲ್ಲವೇ ಹಳೆಯ ಆಟಗಾರರದ್ದು. ಈಚೀಚೆಗಂತೂ ದುಡ್ಡು ಕೊಟ್ಟ ಕಂಪನಿಯದ್ದು. ಜರ್ಮನಿಯ ದಕ್ಷಿಣಕ್ಕೆ, ಬವೇರಿಯ ರಾಜ್ಯದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ರೆಗೆನ್ಸ್‌ಬರ್ಗ್ ಎಂಬ ಹಳೆಯ ಊರಿದೆ. ಅಲ್ಲಿನ ಬೇಸ್‌ಬಾಲ್ ಮೈದಾನದ ಹೆಸರು ಆರ್ಮಿನ್ ವೋಲ್ಫ್ ಅರೇನಾ. ಆರ್ಮಿನ್ ವೋಲ್ಫ್ ಮಂತ್ರಿಯಲ್ಲ, ಬೇಸ್‌ಬಾಲ್ ವೀರರೂ ಅಲ್ಲ. ಆ ಊರಿನ ರೇಡಿಯೋದಲ್ಲಿ ಆಟಗಳ ವರದಿ ಮಾಡುವವರು. ಮೈಕಿನ ಮುಂದೆ ಕೂತು ಬದುಕುವ ನಮ್ಮಂಥವರಿಗೆ ಇದರಲ್ಲಿ ಸ್ವಲ್ಪ ಖುಷಿ ಇದೆ ಎಂದು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಈ ಮೈದಾನದಲ್ಲಿ ಆಡುವ ಕ್ಲಬ್ಬಿನ ಹೆಸರು ರೆಗೆನ್ಸ್‌ಬರ್ಗ್ ಲೆಗಿಯೋನೆರೆ. ಹುಟ್ಟಿದ್ದು 1987ರಲ್ಲಿ. ಜರ್ಮನಿಯ ರಾಷ್ಟ್ರೀಯ ಚಾಂಪಿಯನ್ ಆಗಿದ್ದು 2008ರಲ್ಲಿ, ಆಮೇಲೆ 2010ರಿಂದ 2013ರವರೆಗೆ ಸತತ ನಾಲ್ಕು ವರ್ಷ. ಕಪ್ಪುಗಳ ಲೆಕ್ಕ ಮಾತ್ರ ಬೇಕಿದ್ದರೆ ಈ ಭಾಷಣ ಇಲ್ಲಿಗೇ ಮುಗಿಯಬೇಕು. ಅದಕ್ಕಿಂತ ಹೆಚ್ಚು ಕಪ್ಪು ಗೆದ್ದ ಕ್ಲಬ್ಬುಗಳೂ ಜರ್ಮನಿಯಲ್ಲಿವೆ. ಆದರೂ ನಾನು ಈ ಕ್ಲಬ್ಬನ್ನೇ ಆರಿಸಿಕೊಂಡಿದ್ದೇನೆ, ಯಾಕೆಂದರೆ ಫುಟ್ಬಾಲ್ ಬಿಟ್ಟರೆ ಬೇರೆ ಆಟದ ಕಡೆ ಕಣ್ಣೆತ್ತಿ ನೋಡದ ದೇಶದಲ್ಲಿ ಹೊರಗಿನ ಆಟವೊಂದು ಹೇಗೆ ಬೇರು ಬಿಡುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದಿಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಬೇಸ್‌ಬಾಲ್ ಅಂದರೆ ಕ್ರಿಕೆಟ್ಟಿನ ದೂರದ ನೆಂಟ. ಚೆಂಡು ಎಸೆಯುವವನು ಪಿಚರ್. ಅವನಿಗೂ ಬ್ಯಾಟರ್ ನಿಂತಿರುವ ಹೋಮ್ ಪ್ಲೇಟಿಗೂ ನಡುವೆ 18.44 ಮೀಟರ್ ಅಂತರ. ಅಂದರೆ ಕ್ರಿಕೆಟ್ ಪಿಚ್ಚಿಗಿಂತ ಎರಡು ಹೆಜ್ಜೆಯಷ್ಟು ಕಡಿಮೆ. ಚೆಂಡು ನೆಲಕ್ಕೆ ಬಡಿದು ಏಳುವುದಿಲ್ಲ, ಗಾಳಿಯಲ್ಲೇ ಬಂದು ಗಾಳಿಯಲ್ಲೇ ತಿರುಗುತ್ತದೆ. ಬ್ಯಾಟು ದುಂಡಗಿದೆ, ಚೆಂಡೂ ದುಂಡಗಿದೆ, ಹೊಡೆದದ್ದು ತೊಂಬತ್ತು ಡಿಗ್ರಿಯ ಒಂದು ಬಾಗಿಲಿನೊಳಗೇ ಬೀಳಬೇಕು. ಕ್ರಿಕೆಟ್ಟಿನಲ್ಲಿ ವಿಕೆಟ್ಟಿನ ಹಿಂದಕ್ಕೆ ನಯವಾಗಿ ಕಳಿಸಿದ ಲೇಟ್ ಕಟ್ಟಿಗೆ ನಾವು ಚಪ್ಪಾಳೆ ತಟ್ಟುತ್ತೇವೆ; ಇಲ್ಲಿ ಹಾಗೆ ಹಿಂದಕ್ಕೆ ಹೋದದ್ದು ಫೌಲ್. ಹತ್ತು ಸಲ ಬ್ಯಾಟ್ ಹಿಡಿದು ನಿಂತಾಗ ಮೂರು ಸಲ ಸರಿಯಾಗಿ ಹೊಡೆದವನನ್ನು ಬಹಳ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಸೋಲು ಇಷ್ಟು ಮಾಮೂಲಿಯಾದ ಆಟ ಬೇರೆ ಇಲ್ಲವೇನೋ.

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟ ಚೆಂಡನ್ನು ಬೇಲಿಯಾಚೆ ಅಟ್ಟುವ ಹೋಮ್ ರನ್ ಅಲ್ಲ, ಡಬಲ್ ಪ್ಲೇ. ಬ್ಯಾಟರ್ ಹೊಡೆದ ಮೇಲೆ ಓಡಿ ಮುಟ್ಟಬೇಕಾದ ಠಾಣೆಗಳೇ ಬೇಸುಗಳು; ಮೊದಲ ಬೇಸಿನಲ್ಲಿ ಒಬ್ಬ ಎದುರಾಳಿ ನಿಂತಿದ್ದಾನೆ. ಬ್ಯಾಟರ್ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತ, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆ ಬರುತ್ತದೆ. ಬ್ಯಾಟರ್ ಮೊದಲ ಬೇಸಿಗೆ ಓಡಿ ಮುಟ್ಟಲು ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರೊಳಗೆ ಶಾರ್ಟ್‌ಸ್ಟಾಪ್ ಬಾಗಿ ಚೆಂಡನ್ನೆತ್ತಿ ಎರಡನೆಯ ಬೇಸಿಗೆ ಒಗೆಯಬೇಕು. ಅಲ್ಲಿಗೆ ಓಡಿಬಂದ ಜೊತೆಗಾರ ಅದನ್ನು ಹಿಡಿದು, ಕಾಲಿನಿಂದ ಬೇಸು ಮುಟ್ಟಿ, ತನ್ನತ್ತ ನುಗ್ಗಿ ಬರುತ್ತಿರುವ ಎದುರಾಳಿಯಿಂದ ಮೈ ತಪ್ಪಿಸಿಕೊಂಡು, ತಿರುಗಿ ಮೊದಲ ಬೇಸಿಗೆ ಎಸೆಯಬೇಕು. ಒಂದೇ ಚೆಂಡಿಗೆ ಇಬ್ಬರು ಔಟ್. ಮೂವರಲ್ಲಿ ಯಾರೂ ಯಾರ ಮುಖವನ್ನೂ ನೋಡಿರುವುದಿಲ್ಲ. ಇನ್ನೊಬ್ಬ ಎಲ್ಲಿರುತ್ತಾನೆ ಎಂಬ ನಂಬಿಕೆಯ ಮೇಲೆಯೇ ಚೆಂಡು ಹಾರುತ್ತದೆ. ಇದು ಒಂದು ತಂಡಕ್ಕೆ ಸಹಜವಾಗಿ ಬರಬೇಕಾದರೆ ಹುಡುಗರು ಚಿಕ್ಕಂದಿನಿಂದ ಒಟ್ಟಿಗೆ ಆಡಿರಬೇಕು. ಅಮೆರಿಕದ ಮಕ್ಕಳಿಗೆ ಇದು ಬೀದಿಯಲ್ಲೇ ಬರುತ್ತದೆ. ಜರ್ಮನ್ ಮಕ್ಕಳಿಗೆ ಯಾರು ಕಲಿಸಬೇಕು?

ಜರ್ಮನರು ಬೇಸ್‌ಬಾಲನ್ನು ದೊಡ್ಡ ಪ್ರಮಾಣದಲ್ಲಿ ನೋಡಿದ್ದು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ. ಆಗಸ್ಟ್ 12ರ ರಾತ್ರಿ ಒಲಿಂಪಿಕ್ ಕ್ರೀಡಾಂಗಣದ ದೀಪಗಳ ಬೆಳಕಿನಲ್ಲಿ ಒಂದು ಪ್ರದರ್ಶನ ಪಂದ್ಯ ನಡೆಯಿತು. ಆಡಿದ ಎರಡೂ ತಂಡಗಳು ಅಮೆರಿಕದವೇ. ನೋಡಲು ಬಂದವರು ಒಂದು ಲಕ್ಷದ ಆಸುಪಾಸು ಎಂದು ಅಂದಾಜು. 6–5ರಲ್ಲಿ ಪಂದ್ಯ ಮುಗಿಯಿತು, ಜನ ಮನೆಗೆ ಹೋದರು, ಬೇಸ್‌ಬಾಲ್ ಅಮೆರಿಕಕ್ಕೆ ವಾಪಸು ಹೋಯಿತು. ಲಕ್ಷ ಜನ ಸೇರಿದ ಮಾತ್ರಕ್ಕೆ ಆಟ ನೆಲೆಯೂರುವುದಿಲ್ಲ.

ಒಂಬತ್ತು ವರ್ಷದ ನಂತರ ಅದು ಸೈನಿಕರ ಜೊತೆಗೆ ಬಂತು. ಯುದ್ಧದಲ್ಲಿ ಸೋತು ನೆಲಸಮವಾದ ಜರ್ಮನಿಯ ದಕ್ಷಿಣದ ಬಹುಭಾಗ ಅಮೆರಿಕನ್ ಸೇನೆಯ ಆಡಳಿತಕ್ಕೆ ಸೇರಿತು. ಬೀದಿ ಪಾಲಾದ ಹುಡುಗರನ್ನು ಒಂದು ದಾರಿಗೆ ತರಬೇಕೆಂದು ಸೇನೆ ನಡೆಸಿದ ಯುವಜನ ಕಾರ್ಯಕ್ರಮಗಳಲ್ಲಿ ಚಾಕೊಲೇಟೂ ಇತ್ತು, ಗ್ಲೌಸೂ ಬ್ಯಾಟೂ ಇದ್ದವು. ಸೇನೆಯದೇ ರೇಡಿಯೋ ಜಾಲ ಎ.ಎಫ್.ಎನ್. ಅಮೆರಿಕದ ಸಂಗೀತವನ್ನೂ ಆಟದ ಸುದ್ದಿಯನ್ನೂ ಹರಡುತ್ತಿತ್ತು. ಸೈನಿಕರಿಗೆಂದು ಹಾಕಿದ್ದನ್ನು ಪಕ್ಕದ ಮನೆಯ ಜರ್ಮನ್ ಹುಡುಗರೂ ಕೇಳುತ್ತಿದ್ದರು. 1951ರಲ್ಲಿ ಜರ್ಮನಿಯ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಆ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಎಪ್ಪತ್ತರ ದಶಕದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ ನಿಂತುಹೋಯಿತು. ಅದು ಮತ್ತೆ ಶುರುವಾದದ್ದು 1982ರಲ್ಲಿ. ಬುಂಡೆಸ್‌ಲೀಗ ಎಂಬ ಹೆಸರಿನ ಬೇಸ್‌ಬಾಲ್ ಲೀಗು ಹುಟ್ಟಿದ್ದು 1984ರಲ್ಲಿ.

ಆ ಕಾಲದ ದೊರೆ ಮ್ಯಾನ್‌ಹೈಮ್ ಟೊರ್ನಾಡೋಸ್. 1975ರಲ್ಲಿ ಹುಟ್ಟಿದ ಈ ಕ್ಲಬ್ಬು 1984ರಿಂದ 1989ರವರೆಗೆ ಸತತ ಆರು ಸಲ ಚಾಂಪಿಯನ್ ಆಯಿತು. ಅದರ ಮೈದಾನಕ್ಕೆ ಪೋರ್ಟೊರಿಕೊದ ಮಹಾನ್ ಆಟಗಾರ ರಾಬರ್ಟೋ ಕ್ಲೆಮೆಂಟೆ ಹೆಸರು. ಭೂಕಂಪದಲ್ಲಿ ನಲುಗಿದ ನಿಕರಾಗುವಕ್ಕೆ ಪರಿಹಾರ ಸಾಮಗ್ರಿ ಒಯ್ಯುತ್ತ 1972ರ ಕೊನೆಯ ದಿನ ವಿಮಾನ ಅಪಘಾತದಲ್ಲಿ ತೀರಿಕೊಂಡವರು ಅವರು. ಮ್ಯಾನ್‌ಹೈಮ್ ಸುತ್ತಮುತ್ತ ಅಮೆರಿಕನ್ ಸೇನೆಯ ದೊಡ್ಡ ದೊಡ್ಡ ಬಿಡಾರಗಳಿದ್ದವು. ಆಟ ಗೊತ್ತಿದ್ದವರು ಅಕ್ಕಪಕ್ಕದಲ್ಲೇ ವಾಸವಾಗಿದ್ದರು. ಟೊರ್ನಾಡೋಸ್‌ನ ಸಾಧನೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಬಿಡಾರದ ನೆರಳು ಇದ್ದ ಊರಿಗೂ ಇಲ್ಲದ ಊರಿಗೂ ವ್ಯತ್ಯಾಸವಿದೆ ಎನ್ನುತ್ತಿದ್ದೇನೆ, ಅಷ್ಟೆ. ಬರ್ಲಿನ್ ಗೋಡೆ ಬಿದ್ದ ಮೇಲೆ ಸೈನಿಕರು ಸಾವಿರಗಟ್ಟಲೆ ಊರಿಗೆ ಮರಳಿದರು. ಆಗ ಜರ್ಮನ್ ಬೇಸ್‌ಬಾಲಿನ ನಿಜವಾದ ಪರೀಕ್ಷೆ ಶುರುವಾಯಿತು.

ಜರ್ಮನ್ ಕ್ಲಬ್ಬುಗಳ ಹೆಸರುಗಳನ್ನು ಒಮ್ಮೆ ಕೇಳಿ. ಟೊರ್ನಾಡೋಸ್, ಅಲಿಗೇಟರ್ಸ್, ಕಾರ್ಡಿನಲ್ಸ್, ಕ್ಯಾಪಿಟಲ್ಸ್. ಪಾಡರ್‌ಬೋರ್ನ್ ಎಂಬ ಊರಿನವರಂತೂ ಅನ್‌ಟಚಬಲ್ಸ್ ಎಂದು ಕರೆದುಕೊಂಡರು, ಷಿಕಾಗೋದಲ್ಲಿ ಅಲ್ ಕಪೋನನ ಬೆನ್ನು ಹತ್ತಿದ ದಳದ ಹೆಸರು. ಎಲ್ಲವೂ ಅಮೆರಿಕದ ಅಂಗಡಿಯಿಂದ ತಂದ ಅಂಗಿಗಳೇ. ಆದರೆ ರೆಗೆನ್ಸ್‌ಬರ್ಗಿನವರು ತಮ್ಮ ಊರಿನ ನೆಲ ಅಗೆದು ಹೆಸರು ತೆಗೆದರು. ಕ್ರಿ.ಶ. 179ರಲ್ಲಿ, ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಕಾಲದಲ್ಲಿ, ರೋಮಿನ ಮೂರನೆಯ ಇಟಾಲಿಕ ಲೀಜನ್ ಡ್ಯಾನ್ಯೂಬಿನ ದಂಡೆಯಲ್ಲಿ ಕೋಟೆ ಕಟ್ಟಿತು. ಆ ಕೋಟೆಯ ಹೆಬ್ಬಾಗಿಲಿನ ಕಲ್ಲುಗಳು ಇವತ್ತಿಗೂ ಊರಿನ ನಡುವೆ ನಿಂತಿವೆ. ಆ ಸೈನಿಕರೇ ಲೆಗಿಯೋನೆರೆ. ಹನ್ನೆರಡನೆಯ ಶತಮಾನದ ಕಲ್ಲಿನ ಸೇತುವೆ, ಎರಡು ಶಿಖರಗಳ ಕೆಥೀಡ್ರಲ್, ಬಾಲಕರ ಗಾಯನ ವೃಂದ, 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೆಪೇಟೆ, ಇವುಗಳ ನಡುವೆ ಬೇಸ್‌ಬಾಲ್ ಎಂಬುದು ಯಾರೂ ನಿರೀಕ್ಷಿಸದ ಅತಿಥಿ. ಇದೇ ಊರಿನಲ್ಲಿ ಯಾನ್ ಎಂಬ ಹಳೆಯ ಫುಟ್ಬಾಲ್ ಕ್ಲಬ್ಬಿದೆ, ಐಸ್ ಹಾಕಿ ತಂಡವಿದೆ. ಪತ್ರಿಕೆಯ ಕ್ರೀಡಾ ಪುಟದಲ್ಲಿ ಜಾಗ ಸಿಗಬೇಕಾದರೂ ಅವರ ಜೊತೆ ಪೈಪೋಟಿ ಮಾಡಬೇಕು.

ಕ್ಲಬ್ಬಿನವರು ಮಾಡಿದ ದೊಡ್ಡ ಕೆಲಸ ಎರಡು, ಎರಡೂ ಕಪ್ಪು ಬರುವ ಮುಂಚೆಯೇ ಮಾಡಿದ್ದು. ಒಂದು, ಮೈದಾನ. ಜರ್ಮನಿಯಲ್ಲಿ ಎಷ್ಟೋ ಬೇಸ್‌ಬಾಲ್ ತಂಡಗಳು ಫುಟ್ಬಾಲ್ ಹುಲ್ಲಿನ ಒಂದು ಮೂಲೆಯಲ್ಲಿ ಬೇಸ್ ಇಟ್ಟುಕೊಂಡು ಆಡಿದ್ದುಂಟು. ಅಲ್ಲಿ ಚೆಂಡು ಹೇಗೆ ಪುಟಿಯುತ್ತದೆ ಎಂದು ದೇವರಿಗೂ ತಿಳಿಯದು. ಡಬಲ್ ಪ್ಲೇ ಕಲಿಯುವ ಮಾತಂತೂ ದೂರವೇ ಉಳಿಯಿತು. ಪಿಚರ್ ನಿಲ್ಲುವ ದಿಬ್ಬ, ಕೆಂಪು ಮಣ್ಣಿನ ಓಟದ ದಾರಿ, ಬೇಲಿ, ದೀಪ, ಗ್ಯಾಲರಿ ಎಲ್ಲ ಇರುವ ಬೇಸ್‌ಬಾಲಿನದೇ ಮೈದಾನವನ್ನು ಷ್ವಾಬೆಲ್‌ವೈಸ್ ಎಂಬ ಬಡಾವಣೆಯಲ್ಲಿ ಕಟ್ಟಿದರು. 2009ರ ವಿಶ್ವಕಪ್ಪಿನ ಒಂದು ಗುಂಪಿನ ಪಂದ್ಯಗಳು ಅಲ್ಲೇ ನಡೆದವು. ಜರ್ಮನಿ, ಅಮೆರಿಕ, ಚೀನಾ, ವೆನೆಜುವೆಲ ತಂಡಗಳು ಡ್ಯಾನ್ಯೂಬಿನ ದಂಡೆಗೆ ಬಂದವು.

ಎರಡನೆಯದು ಹಾಸ್ಟೆಲು. ಹದಿಹರೆಯದ ಹುಡುಗರು ಜರ್ಮನಿಯ ಬೇರೆ ಬೇರೆ ಊರುಗಳಿಂದ ಬಂದು ಇಲ್ಲಿ ಉಳಿದುಕೊಂಡು ಶಾಲೆಗೆ ಹೋಗುತ್ತಾರೆ, ಉಳಿದ ಹೊತ್ತು ಬೇಸ್‌ಬಾಲ್ ಕಲಿಯುತ್ತಾರೆ. ಇದರ ಮಹತ್ವ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಸಣ್ಣ ಊರಿನಲ್ಲಿ ಚೆನ್ನಾಗಿ ಎಸೆಯುವ ಒಬ್ಬ ಹುಡುಗ ಇದ್ದರೆ ಅವನ ಎಸೆತವನ್ನು ಹಿಡಿಯುವ ಕ್ಯಾಚರ್ ಕೂಡ ಬೇಕು, ಎದುರಿಗೆ ನಿಂತು ಹೊಡೆಯುವ ಬ್ಯಾಟರ್ ಬೇಕು. ಒಂಟಿ ಪ್ರತಿಭೆ ಈ ಆಟದಲ್ಲಿ ಬೆಳೆಯುವುದೇ ಇಲ್ಲ. ಚದುರಿ ಬಿದ್ದಿದ್ದ ಹುಡುಗರನ್ನು ಒಂದೇ ಸೂರಿನಡಿ ತಂದದ್ದೇ ರೆಗೆನ್ಸ್‌ಬರ್ಗಿನ ಜಾಣತನ. ನಾನು ಮೆಚ್ಚುವುದು ಅದನ್ನೇ, ಕಪ್ಪುಗಳಿಗಿಂತ ಒಂದು ಗುಲಗಂಜಿ ಹೆಚ್ಚಾಗಿ.

ಕಪ್ಪುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಬುಂಡೆಸ್‌ಲೀಗದಲ್ಲಿ ಉತ್ತರ, ದಕ್ಷಿಣ ಎಂದು ಎರಡು ವಿಭಾಗ. ವಸಂತದಲ್ಲಿ ಶುರುವಾಗಿ ವಾರಾಂತ್ಯಗಳಲ್ಲಿ ಪಂದ್ಯಗಳು, ಒಂದೇ ದಿನ ಎರಡೆರಡು ಪಂದ್ಯ ಆಡುವ ರೂಢಿಯೂ ಉಂಟು. ಕೊನೆಗೆ ಮೇಲಿನ ತಂಡಗಳ ನಡುವೆ ಪ್ಲೇ–ಆಫ್; ಫೈನಲ್ಲು ಐದು ಪಂದ್ಯಗಳದ್ದು, ಮೊದಲು ಮೂರು ಗೆದ್ದವರಿಗೆ ಕಪ್ಪು. ಒಬ್ಬ ಅದ್ಭುತ ಪಿಚರ್ ಇದ್ದರೆ ಒಂದು ಪಂದ್ಯ ಗೆಲ್ಲಬಹುದು, ಐದು ಪಂದ್ಯಗಳ ಫೈನಲ್ ಗೆಲ್ಲಲಾಗದು. ಎಸೆದ ಕೈಗೆ ದಿನಗಟ್ಟಲೆ ವಿಶ್ರಾಂತಿ ಬೇಕು. ಹಾಗಾಗಿ ಮೂವರು ನಾಲ್ವರು ಒಳ್ಳೆಯ ಪಿಚರ್‌ಗಳಿದ್ದ ತಂಡ ಮಾತ್ರ ಉಳಿಯುತ್ತದೆ. ಹೊಸ ಶತಮಾನದ ಆರಂಭದಲ್ಲಿ ಹಾಗಿದ್ದವರು ಪಾಡರ್‌ಬೋರ್ನಿನವರು. 2001ರಿಂದ 2005ರವರೆಗೆ ಐದು ವರ್ಷ ಬೇರೆ ಯಾರಿಗೂ ಕಪ್ಪು ಮುಟ್ಟಲು ಬಿಡಲಿಲ್ಲ. ಹೆಸರಿಗೆ ತಕ್ಕ ಹಾಗೇ ಆಯಿತು ಅನ್ನಿ. ಆಮೇಲೆ 2006ರಲ್ಲಿ ಜೋಲಿಂಗನ್, 2007ರಲ್ಲಿ ಮೈನ್ಸ್. 2008ರಲ್ಲಿ ರೆಗೆನ್ಸ್‌ಬರ್ಗ್ ಮೊದಲ ಸಲ ಚಾಂಪಿಯನ್ ಆಯಿತು, ಕ್ಲಬ್ಬು ಹುಟ್ಟಿದ ಇಪ್ಪತ್ತೊಂದನೆಯ ವರ್ಷಕ್ಕೆ. 2009ರಲ್ಲಿ ಹೈಡನ್‌ಹೈಮ್ ಅದನ್ನು ಕಿತ್ತುಕೊಂಡಿತು. ಮರುವರ್ಷದಿಂದ ನಾಲ್ಕು ವರ್ಷ ಮತ್ತೆ ರೆಗೆನ್ಸ್‌ಬರ್ಗ್. ಅಂಗಿಯ ಮೇಲೆ ಬಾಡಿಗೆ ಕಾರಿನ ಕಂಪನಿಯ ಹೆಸರಿದ್ದುದರಿಂದ ಆಗ ಎಲ್ಲರ ಬಾಯಲ್ಲೂ ಬುಕ್‌ಬಿಂಡರ್ ಲೆಗಿಯೋನೆರೆ ಎಂದೇ ಇತ್ತು. 2014ರಿಂದ ಕಪ್ಪು ಜೋಲಿಂಗನ್, ಹೈಡನ್‌ಹೈಮ್, ಮೈನ್ಸ್, ಬಾನ್ ಎಂದು ಸುತ್ತತೊಡಗಿತು. ಬೇರೆ ಕ್ಲಬ್ಬುಗಳೂ ಮೈದಾನ ಕಟ್ಟಿದವು, ಮಕ್ಕಳಿಗೆ ಕಲಿಸಿದವು. ಸೋತದ್ದಕ್ಕೆ ರೆಗೆನ್ಸ್‌ಬರ್ಗಿನವರು ಬೇಸರ ಪಟ್ಟಿರಬಹುದು. ಲೀಗಿಗೆ ಒಳ್ಳೆಯದೇ ಆಯಿತು.

ಈಗ ಆ ಹಾಸ್ಟೆಲಿನಿಂದ ಹೊರಟ ಇಬ್ಬರ ಕಥೆ.

ಮೊದಲನೆಯವರು ಡೊನಾಲ್ಡ್ ಲುಟ್ಸ್. ಹುಟ್ಟಿದ್ದು 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ, ಬೆಳೆದದ್ದು ಜರ್ಮನಿಯ ಹೆಸ್ಸೆ ರಾಜ್ಯದ ಫ್ರೀಡ್‌ಬರ್ಗ್‌ನಲ್ಲಿ. ಹುಡುಗನಾಗಿದ್ದಾಗ ಆಡುತ್ತಿದ್ದದ್ದು ಐಸ್ ಹಾಕಿ. ಬೇಸ್‌ಬಾಲಿಗೆ ಬಂದಾಗ ಹದಿಹರೆಯ ಅರ್ಧ ಕಳೆದಿತ್ತು. ಅಮೆರಿಕದಲ್ಲಾದರೆ ಆ ವಯಸ್ಸಿಗೆ ಹೊಸದಾಗಿ ಶುರು ಮಾಡುವವನನ್ನು ಯಾರೂ ಮೂಸಿ ನೋಡುವುದಿಲ್ಲ. ಲುಟ್ಸ್ ರೆಗೆನ್ಸ್‌ಬರ್ಗಿಗೆ ಬಂದು ಪಳಗಿದರು. 2007ರಲ್ಲಿ ಸಿನ್ಸಿನಾಟಿ ರೆಡ್ಸ್ ತಂಡ ಕರಾರು ಮಾಡಿಕೊಂಡಿತು. ಕೆಳಗಿನ ಲೀಗುಗಳಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಊರೂರು ಸುತ್ತಿ, 2013ರ ಏಪ್ರಿಲ್ 29ರಂದು ಅಮೆರಿಕದ ಮೇಜರ್ ಲೀಗಿನಲ್ಲಿ ಕಾಲಿಟ್ಟರು. ಜರ್ಮನಿಯಲ್ಲಿ ಆಟ ಕಲಿತು ಅಲ್ಲಿಗೆ ತಲುಪಿದ ಮೊದಲಿಗರು ಅವರೇ. ಮೇ 12ರಂದು ಮೊದಲ ಹೋಮ್ ರನ್ ಹೊಡೆದರು. ಮೇಜರ್ ಲೀಗಿನಲ್ಲಿ ಅವರ ಆಟ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಜರ್ಮನಿಯ ಹುಡುಗ ಅಲ್ಲಿಗೆ ಹೋಗಲಾರ ಎನ್ನುವವರ ಬಾಯಿ ಮುಚ್ಚಲು ಅಷ್ಟು ಸಾಕಾಗಿತ್ತು.

ಎರಡನೆಯವರು ಮ್ಯಾಕ್ಸ್ ಕೆಪ್ಲರ್. 1993ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ತಾಯಿ ಟೆಕ್ಸಸ್‌ನವರು, ತಂದೆ ಪೋಲೆಂಡಿನವರು, ಇಬ್ಬರೂ ಬ್ಯಾಲೆ ನೃತ್ಯಗಾರರು. ಬರ್ಲಿನ್ನಿನ ಹುಡುಗ ಬೇಸ್‌ಬಾಲಿಗಾಗಿ ಮನೆ ಬಿಟ್ಟು ಹದಿಹರೆಯದಲ್ಲಿ ರೆಗೆನ್ಸ್‌ಬರ್ಗಿಗೆ ಬಂದ. 2009ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಮಿನೆಸೋಟ ಟ್ವಿನ್ಸ್ ತಂಡ 8 ಲಕ್ಷ ಡಾಲರ್ ಕೊಟ್ಟು ಸೇರಿಸಿಕೊಂಡಿತು. ಯುರೋಪಿನಲ್ಲಿ ಬೆಳೆದ ಹುಡುಗನಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಬೆಲೆ ದೊಡ್ಡದಾದರೂ ದಾರಿ ಲುಟ್ಸ್ ಹಿಡಿದ ದಾರಿಯೇ. ಆರು ವರ್ಷ ಕಾದು, 2015ರ ಸೆಪ್ಟೆಂಬರ್ 27ರಂದು ಮೇಜರ್ ಲೀಗಿನ ಮೊದಲ ಪಂದ್ಯ ಆಡಿದರು. ಮರುವರ್ಷ ಆಗಸ್ಟ್ 1ರಂದು ಕ್ಲೀವ್‌ಲ್ಯಾಂಡ್ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್. ಗ್ರಹಗಳ ಪಥವನ್ನು ಲೆಕ್ಕ ಹಾಕಿದ ಯೋಹಾನೆಸ್ ಕೆಪ್ಲರ್ 1630ರಲ್ಲಿ ತೀರಿಕೊಂಡದ್ದೂ ರೆಗೆನ್ಸ್‌ಬರ್ಗಿನಲ್ಲೇ. ಹೆಸರಿನ ಕಾಕತಾಳೀಯ ಅಷ್ಟೇ. ಆದರೂ ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ ಓಡುವ ಈ ಕೆಪ್ಲರನ್ನು ನೋಡಿದಾಗ ಆ ಕೆಪ್ಲರ್ ನೆನಪಾಗದೆ ಇರುವುದು ಕಷ್ಟ. ಎಡಗೈ ಬ್ಯಾಟರ್ ಅವರು. ಬ್ಯಾಟ್ ಬೀಸುವಾಗ ಮೈಯಲ್ಲಿ ಬಿಗಿಯೇ ಕಾಣುವುದಿಲ್ಲ, ಸೊಂಟದಿಂದ ಹೊರಟ ತಿರುವು ಭುಜ ದಾಟಿ ಮಣಿಕಟ್ಟಿಗೆ ಬರುವಷ್ಟರಲ್ಲಿ ಚೆಂಡು ಹೋಗಿಬಿಟ್ಟಿರುತ್ತದೆ. ಅಪ್ಪ ಅಮ್ಮನ ಕಸುಬು ಮಗನ ಬೀಸಿನಲ್ಲಿ ಇಳಿದಿದೆ ಎಂದು ಹೇಳುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

2019ರಲ್ಲಿ ಕೆಪ್ಲರ್ ಒಂದೇ ಋತುವಿನಲ್ಲಿ 36 ಹೋಮ್ ರನ್ ಹೊಡೆದರು. ಯುರೋಪಿನಲ್ಲಿ ಹುಟ್ಟಿದ ಯಾವ ಆಟಗಾರನೂ ಮೇಜರ್ ಲೀಗಿನ ಒಂದು ಋತುವಿನಲ್ಲಿ ಅಷ್ಟು ಹೊಡೆದಿರಲಿಲ್ಲ. ಹಿಂದಿನ ದಾಖಲೆ 32, ಅದು ಇದ್ದದ್ದು ಬಾಬಿ ಥಾಮ್ಸನ್ ಹೆಸರಿನಲ್ಲಿ, ದಾಖಲೆಯ ವರ್ಷ 1951. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ ಎಳೆತನದಲ್ಲೇ ಅಮೆರಿಕಕ್ಕೆ ಹೋದವರು ಥಾಮ್ಸನ್. ಅದೇ ವರ್ಷದ ಅಕ್ಟೋಬರ್ 3ರಂದು ನ್ಯೂಯಾರ್ಕ್ ಜೈಂಟ್ಸ್ ಪರವಾಗಿ, ಕೊನೆಯ ಇನ್ನಿಂಗ್ಸಿನಲ್ಲಿ, ಅವರು ಹೊಡೆದ ಹೋಮ್ ರನ್ ಬೇಸ್‌ಬಾಲ್ ಚರಿತ್ರೆಯಲ್ಲೇ ಬಹು ಪ್ರಸಿದ್ಧ. ಅದು ಹೆಚ್ಚಾಗಿ ನೆನಪಿರುವುದು ಚಿತ್ರದಿಂದಲ್ಲ, ದನಿಯಿಂದ. ರೇಡಿಯೋ ವೀಕ್ಷಕ ವಿವರಣೆಕಾರ ರಸ್ ಹಾಜಸ್ ಜೈಂಟ್ಸ್ ಗೆದ್ದಿತೆಂಬ ಒಂದೇ ಮಾತನ್ನು ಮತ್ತೆ ಮತ್ತೆ ಕೂಗಿದ್ದು, ಯಾರೋ ಮನೆಯಲ್ಲಿ ಟೇಪ್ ಮಾಡಿಟ್ಟುಕೊಂಡಿದ್ದರಿಂದ ಉಳಿದುಬಂತು. ಆ 1951 ಜರ್ಮನಿಯ ಮೊದಲ ಚಾಂಪಿಯನ್‌ಷಿಪ್ ನಡೆದ ವರ್ಷವೂ ಹೌದು ಎಂದು ಆಗಲೇ ಹೇಳಿದೆ. ಥಾಮ್ಸನ್ ಅವರ ದಾಖಲೆ ಅರವತ್ತೆಂಟು ವರ್ಷ ನಿಂತಿತ್ತು. ಅದನ್ನು ಮುರಿಯುವ ಹುಡುಗ ಡ್ಯಾನ್ಯೂಬಿನ ದಂಡೆಯ ಹಾಸ್ಟೆಲಿನಿಂದ ಬರುತ್ತಾನೆಂದು 1951ರಲ್ಲಿ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು.

ಇಷ್ಟಾದರೂ ಒಂದು ಕೊರಗು ಉಳಿದಿದೆ. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ದೊಡ್ಡ ಪಂದ್ಯಾವಳಿಯ ಅರ್ಹತಾ ಸುತ್ತು ಎರಡು ಸಲ ರೆಗೆನ್ಸ್‌ಬರ್ಗಿನಲ್ಲೇ ನಡೆಯಿತು. 2012ರ ಸೆಪ್ಟೆಂಬರಿನಲ್ಲಿ ಕೆನಡಾ, ಬ್ರಿಟನ್, ಜೆಕ್ ತಂಡಗಳ ಜೊತೆ ಜರ್ಮನಿ ಆಡಿತು. ಫೈನಲ್ಲಿನಲ್ಲಿ ಕೆನಡಾ ಗೆದ್ದು ಮುಂದೆ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಆರು ತಂಡಗಳು ಬಂದವು. ಬ್ರಿಟನ್, ಜೆಕ್, ಸ್ಪೇನ್, ಫ್ರಾನ್ಸ್, ದಕ್ಷಿಣ ಆಫ್ರಿಕಾ ಮತ್ತು ಮನೆಯವರೇ ಆದ ಜರ್ಮನಿ. ಪಂದ್ಯಾವಳಿಯ ಮುಖ್ಯ ಸುತ್ತಿಗೆ ಜಾಗ ಎರಡೇ. ಒಂದನ್ನು ಬ್ರಿಟನ್ ಹಿಡಿಯಿತು. ಎರಡನೆಯದಕ್ಕೆ ನಡೆದದ್ದು ನಾಟಕವೇ. ಜೆಕ್ ತಂಡ ಸ್ಪೇನ್ ಕೈಲಿ 21–7ರಲ್ಲಿ ಬಡಿಸಿಕೊಂಡಿತ್ತು. ಅಂಥ ತಂಡ ಎದ್ದು ಬಂದು ಜರ್ಮನಿಯನ್ನು ಅದರ ಅಂಗಳದಲ್ಲೇ ಮಣಿಸಿತು. ಕೊನೆಯ ಪಂದ್ಯದಲ್ಲಿ ಅದೇ ಸ್ಪೇನನ್ನು 3–1ರಲ್ಲಿ ಸೋಲಿಸಿ, ಮುಖ್ಯ ಸುತ್ತು ಆಡಲು ಟೋಕಿಯೋದ ಟಿಕೆಟ್ ಪಡೆಯಿತು. ಆ ಜೆಕ್ ತಂಡದಲ್ಲಿ ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡು ಆಡುವವರು. 2023ರ ಮಾರ್ಚಿನಲ್ಲಿ ಅವರ ಪಿಚರ್ ಒಂಡ್ರೇಯ್ ಸಟೋರಿಯ ಎಂಬ ಎಲೆಕ್ಟ್ರಿಷಿಯನ್, ಟೋಕಿಯೋ ಡೋಮಿನಲ್ಲಿ, ಜಪಾನಿನ ಶೋಹೇ ಓತಾನಿಯನ್ನೇ ಮೂರು ಸ್ಟ್ರೈಕಿನಲ್ಲಿ ಔಟ್ ಮಾಡಿದ್ದನ್ನು ಜಗತ್ತೆಲ್ಲ ನೋಡಿತು. ಆ ದಾರಿ ಹೊರಟದ್ದು ರೆಗೆನ್ಸ್‌ಬರ್ಗಿನ ದಿಬ್ಬದಿಂದ. ಜರ್ಮನಿ ಮಾತ್ರ ಇನ್ನೂ ಆ ಮುಖ್ಯ ಸುತ್ತಿಗೆ ಕಾಲಿಟ್ಟಿಲ್ಲ.

ಯಾಕೆ ಹೀಗೆ? ಒಬ್ಬ ಕೆಪ್ಲರ್ ಬೆಳೆಯಲು ಒಂದು ಒಳ್ಳೆಯ ಹಾಸ್ಟೆಲ್ ಸಾಕು. ಒಂದು ರಾಷ್ಟ್ರೀಯ ತಂಡಕ್ಕೆ ಮೂವತ್ತು ಜನ ಬೇಕು, ಅದರಲ್ಲಿ ಅರ್ಧ ಪಿಚರ್‌ಗಳು. ರೆಗೆನ್ಸ್‌ಬರ್ಗಿನ ಆ ಎರಡೂ ಸೆಪ್ಟೆಂಬರಿನಲ್ಲಿ ಮೇಜರ್ ಲೀಗಿನಲ್ಲಿದ್ದವರಿಗೆ ಬರಲು ಬಿಡುವಿರಲಿಲ್ಲ, ಅಲ್ಲಿ ಆಗ ಋತು ತುದಿಗೆ ಬಂದಿರುತ್ತದೆ. ಹಾಗಾಗಿ ಭಾರವೆಲ್ಲ ಬುಂಡೆಸ್‌ಲೀಗದ ಹುಡುಗರ ಮೇಲೆಯೇ ಬಿತ್ತು. ಹಾಸ್ಟೆಲಿಗೆ ಬಂದವರಲ್ಲಿ ಅಮೆರಿಕಕ್ಕೆ ಹೋಗುವವರು ಬೆರಳೆಣಿಕೆ. ಉಳಿದವರು ಓದು ಮುಗಿಸಿ ಕೆಲಸಕ್ಕೆ ಸೇರುತ್ತಾರೆ. ವಾರವಿಡೀ ಕಚೇರಿ ಅಥವಾ ಕಾರ್ಖಾನೆ, ವಾರಾಂತ್ಯದಲ್ಲಿ ಎರಡು ಪಂದ್ಯ. ಮುಂದೆ ಅವರಲ್ಲೇ ಕೆಲವರು ಚಿಕ್ಕ ಮಕ್ಕಳ ತಂಡಕ್ಕೆ ಕೋಚ್ ಆಗಿ ನಿಲ್ಲುತ್ತಾರೆ. ಜರ್ಮನಿಯಲ್ಲಿ ಬೇಸ್‌ಬಾಲ್ ಉಳಿದಿರುವುದು ಇವರಿಂದ. ಯಾವತ್ತಾದರೂ ಜರ್ಮನಿ ಆ ಮುಖ್ಯ ಸುತ್ತಿಗೆ ಹೋದರೆ, ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಎಸೆದು ಅದನ್ನು ಸಾಧಿಸುವವರೂ ಇವರೇ ಆಗಿರುತ್ತಾರೆ ಎಂದು ನನ್ನ ಅಂದಾಜು.